ತಲೆದಿಂಬು

ಗ್ರಿಮ್ಸ್‌ಬಿಯಲ್ಲಿ ರಾತ್ರಿ ಮೂರು ಗಂಟೆ.
ಹೀಟರ್ ಒಮ್ಮೆ ಕೆಮ್ಮಿ ಸುಮ್ಮನಾಯಿತು.
ಫ್ರಿಜ್ಜಿನ ಬಾಗಿಲಿಗೆ ಅಂಟಿದೆ ಆಸ್ಪತ್ರೆಯ ಪತ್ರ:
ಗುರುವಾರ, ಹತ್ತೂವರೆ, ಜೊತೆಗೊಬ್ಬರು ಬರಲಿ.

ಜೊತೆಗೊಬ್ಬರು ಯಾಕೆ?
ಆ ಒಂದು ಮಾತನ್ನು ಅನ್ನದೊಳಗಿನ ಕಲ್ಲಿನಂತೆ
ನಾಲ್ಕು ದಿನದಿಂದ ಜಗಿಯುತ್ತಿದ್ದೇನೆ.
ಥಿಯೋಫಿಲ್ ಗೊರಕೆ ಹೊಡೆಯುತ್ತಾರೆ.
ಗಂಟು ಅವರ ಕುತ್ತಿಗೆಯಲ್ಲಿ, ನಿದ್ದೆಗೇಡು ನನಗೆ.

ಮಂಡಿಯೂರಿದೆ. ಪ್ರಾರ್ಥನೆ ಬರಲಿಲ್ಲ,
ಬಂದದ್ದು ಲೆಕ್ಕ: ಮನೆಸಾಲ, ಕಾರಿನ ವಿಮೆ, ಮಗಳ ಪರೀಕ್ಷೆ.
"ಸ್ವಾಮೀ" ಎಂದು ಶುರುಮಾಡಿ
ಅಂಗಡಿ ಚೀಟಿಯಲ್ಲಿ ಮುಗಿಸಿದೆ.

ಭಾನುವಾರ ಮಾರ್ಜರಿ ಏನೂ ಕೇಳಲಿಲ್ಲ.
ಟ್ರಾಲರಿನಲ್ಲಿ ಹೋಗಿ ಮರಳದ ಗಂಡನ ಹೆಸರು
ಚರ್ಚಿನ ಗೋಡೆಯಲ್ಲಿದೆ; ಅದರ ಕೆಳಗೇ ಅವಳ ಜಾಗ.
ನನ್ನ ಕೈಗೊಂದು ಕಟ್ಟು ರೂಬಾರ್ಬ್ ತುರುಕಿ
"ಸಕ್ಕರೆ ಜಾಸ್ತಿ ಹಾಕು" ಎಂದಳು, ಅಷ್ಟೇ.

ಅವಳ ಬೆನ್ನ ಹಿಂದೆ, ಬಣ್ಣದ ಗಾಜಿನಲ್ಲಿ,
ಬಿರುಗಾಳಿಗೆ ಸಿಕ್ಕ ದೋಣಿ.
ಅದರ ಹಿಂಬದಿಯಲ್ಲಿ ನೀನು
ದಿಂಬಿಗೆ ತಲೆಯಿಟ್ಟು ಮಲಗಿದ್ದೆ.
ಸಿಟ್ಟು ಬಂತು ಆಗ: ಹೇಗೆ ಹತ್ತುತ್ತದೆ ನಿದ್ದೆ, ನಿನಗೆ?

ಈಗ, ಅಡುಗೆಮನೆಯ ತಣ್ಣನೆ ನೆಲದ ಮೇಲೆ,
ಕೇಳುವುದು ಬೇರೆ.
ಗಾಳಿಯನ್ನು ಆಮೇಲೆ ಗದರಿಸು.
ಒಂಚೂರು ಸರಿದುಕೋ.
ಆ ದಿಂಬಿನ ತುದಿ ಸಾಕು ನನಗೆ,
ಬೆಳಗಿನವರೆಗೆ.