ತೂಕಕ್ಕೆ ಹಾಕುವ ಮುನ್ನ

ಕ್ಯಾಪ್ಟನ್ ತೋಂಟದಾರ್ಯರ ಅಕ್ಷರ
ಅರಸೀಕೆರೆಯಲ್ಲಿ ಓದಬಲ್ಲವಳು ನಾನೊಬ್ಬಳೇ ಎಂದು
ಅವರ ಅಕ್ಕ ಶಿವಗಂಗಮ್ಮ ಹೇಳಿ ಕಳಿಸಿದರು.
ಹತ್ತೊಂಬತ್ತು ವರ್ಷ ಅವರ ಗ್ಯಾಸ್ ಏಜೆನ್ಸಿಯ ಲೆಕ್ಕ ಬರೆದವಳು,
ಅವರ ಏಳು ಒಂದರಂತೆ, ಒಂದು ಏಳರಂತೆ
ಕಾಣುವುದು ನನಗೆ ಗೊತ್ತು.

ಕಪ್ಪು ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದ ನಂಬರು.
ಮೇಲ್ಪದರದಲ್ಲಿ ಬರೀ ನಮ್ಮದೇ: ಸಿಲಿಂಡರ್ ರಸೀದಿ,
ರೆಗ್ಯುಲೇಟರ್ ದೂರು, ದೀಪಾವಳಿ ವಾರದ ಬಾಕಿ ಪಟ್ಟಿ.
ಅದರ ಕೆಳಗೊಂದು ಟವೆಲ್ಲು.
ಟವೆಲ್ಲಿನ ಕೆಳಗೆ ಲಂಕೆ.

ಎಂಬತ್ತೇಳರ ಅಕ್ಟೋಬರು. ನೀಲಿ ಇನ್‌ಲ್ಯಾಂಡು ಕಾಗದ,
ಊರಿನ ಹೆಸರಿದ್ದಲ್ಲಿ ಯಾರೋ ಮಸಿ ಬಳಿದಿದ್ದಾರೆ.
"ಅಕ್ಕಾ, ಇಲ್ಲಿ ತೆಂಗಿಗಿಂತ ತಾಳೆ ಹೆಚ್ಚು.
ಮಣ್ಣು ಕೆಂಪು, ಬಾಣಾವರದ ದಾರಿಯ ಹಾಗೆ.
ಕೊಬ್ಬರಿ ಎಷ್ಟಕ್ಕೆ ಹೋಯಿತು, ಬರಿ."
ಯುದ್ಧ ಎಂಬ ಮಾತು ಹದಿನಾಲ್ಕು ಕಾಗದದಲ್ಲಿ ಎಲ್ಲೂ ಇಲ್ಲ.
ಕೊಬ್ಬರಿ ಒಂಬತ್ತು ಸಲ.

ಆಮೇಲೆ ಒಂದು ರೂಲು ಪುಸ್ತಕ.
ಹಾವೇರಿ ಕಡೆಯ ಯಾವುದೋ ತಾಯಿಗೆ ಒಂದೇ ಪತ್ರದ ಏಳು ಕರಡು,
ಎರಡು ಸಲ ಎಣಿಸಿದೆ, ಒಂದಲ್ಲ, ಏಳು.
ಮೊದಲನೆಯದು ಒಂದೂವರೆ ಪುಟ: ಧೈರ್ಯ, ದೇಶ, ಹೆಮ್ಮೆ.
ಮೂರನೆಯದರಲ್ಲಿ ದೇಶ ಹೊಡೆದುಹಾಕಿದ್ದಾರೆ.
ಐದನೆಯದರಲ್ಲಿ ಹೆಮ್ಮೆ.
ಏಳನೆಯದು ಇಷ್ಟು:
"ಅಮ್ಮಾ, ಹಿಂದಿನ ರಾತ್ರಿ ಅವನು
ಎರಡು ಸಲ ಅನ್ನ ಹಾಕಿಸಿಕೊಂಡ."
ಕಳಿಸಿದರೋ ಇಲ್ಲವೋ. ಕಾಗದವಂತೂ ಇಲ್ಲೇ ಇದೆ.

ತಳದಲ್ಲಿ, ತಗಡಿನ ಊಟದ ತಟ್ಟೆಯ ಅಡಿ,
ಶಾಲೆಯ ಪುಸ್ತಕದಿಂದ ಹರಿದ ಹಾಳೆ, ತಮಿಳಿನದು.
ಹಿಂಬದಿಗೆ ಇವರ ಪೆನ್ಸಿಲ್ಲು: "ಬಾವಿ ಪಕ್ಕದ ಮನೆ. 3."
ಮೂರು ಏನು, ಬರೆದಿಲ್ಲ.
ಅವರ ಮೂರು ಮಾತ್ರ ಯಾವತ್ತೂ ಸ್ಪಷ್ಟ.

ರೈಲ್ವೆ ಕ್ವಾರ್ಟರ್ಸಿಗೆ ಒಯ್ದೆ. ಪಾಯಿಂಟ್ಸ್‌ಮನ್ ಆಗಿದ್ದ ಅರುಳಪ್ಪನ್
ಕನ್ನಡಕ ಒರೆಸಿ, ಬಿಸಿಲಿಗೆ ಹಿಡಿದು, ನಕ್ಕರು.
"ಏನಿಲ್ಲಮ್ಮಾ ಮುಬೀನಾ, ರಜೆ ಚೀಟಿ.
ಮಾನ್ಯ ಮುಖ್ಯೋಪಾಧ್ಯಾಯರಿಗೆ,
ಜ್ವರ ಬಂದಿರೋದ್ರಿಂದ ಎರಡು ದಿನ
ಮನೆಯಲ್ಲಿರಲು ರಜೆ ಕೊಡಬೇಕಾಗಿ ವಿನಂತಿ. ಐದನೇ ಕ್ಲಾಸು."
ಆಮೇಲೆ ತಾರೀಖು ನೋಡಿದರು. ಹಾಳೆ ತಿರುಗಿಸಿದರು.
ಹುಬ್ಬಳ್ಳಿ ಪ್ಯಾಸೆಂಜರು ಹೋಗುವವರೆಗೂ ಸುಮ್ಮನೆ ಕೂತೆವು,
ಸದ್ದಿಗೆ ಕಾಯುತ್ತಿದ್ದೇವೆ ಎಂಬಂತೆ.
ಅದು ಹೋದ ಮೇಲೂ ಮಾತು ಸಿಗಲಿಲ್ಲ.

ತಿರುಗಿ ಬಂದರೆ ಇನ್ನೊಂದು ಕವರು, ದಪ್ಪ,
ರಬ್ಬರ್ ಬ್ಯಾಂಡು ಕರಗಿ ಅಂಟಿಕೊಂಡದ್ದು.
ಅದರಲ್ಲಿ ನಾನು. ನನ್ನ ರಜೆ ಚೀಟಿಗಳು, ಎಲ್ಲ:
ತಂಗಿಯ ನಿಕಾಹ್, ಅಬ್ಬಾನ ಕಣ್ಣಿನ ಆಪರೇಷನ್ನು,
ನನ್ನ ಟೈಫಾಯಿಡ್ಡು, ಸುಳ್ಳು ಹೇಳಿದ ಎರಡು ಸೋಮವಾರ.
ಕೊಟ್ಟಾಗ ಎರಡೆರಡು ಸಲ ಓದುತ್ತಿದ್ದರು,
ಫೈಲಿಗೆ ಹಾಕದೆ ಅಂಗಿ ಜೇಬಿಗೆ ಹಾಕುತ್ತಿದ್ದರು.
ಕಾರಣ ಕೇಳಿದವರಲ್ಲ.
ಜ್ವರ ಎಂದರೆ ಮಾತ್ರ ಎದ್ದು ನಿಲ್ಲುತ್ತಿದ್ದರು:
"ಮನೆಯಲ್ಲಿ ಇರಬೇಡಿ. ಆಸ್ಪತ್ರೆಗೆ ಹೋಗಿ. ಎಲ್ಲಾದರೂ ಹೋಗಿ."
ಮಿಲಿಟರಿ ತಲೆ ಎಂದು ನಾವು
ಸಿಲಿಂಡರ್ ಹುಡುಗರ ಜೊತೆ ಸೇರಿ ನಗುತ್ತಿದ್ದೆವು.

ಬಾಗಿಲಲ್ಲಿ ಶಿವಗಂಗಮ್ಮ. "ಗುಜರಿಯವನು ಬಂದಿದಾನೆ,
ಕೇಜಿಗೆ ಹದಿನಾಲ್ಕು. ಯಾವುದು ಹಾಕಲಿ?"
ರಸೀದಿ ಕೊಟ್ಟೆ, ಬಾಕಿ ಪಟ್ಟಿ ಕೊಟ್ಟೆ.
ಅವನು ಚೀಟಿಯಲ್ಲಿ ಏಳು ಎಂದು ಬರೆದ. ಏಳರಂತೆಯೇ ಇತ್ತು.
"ನಿನ್ನ ಕೈಯಲ್ಲಿರೋದು ಏನೇ?"
"ರಜೆ ಚೀಟಿ."
"ಯಾರದು?"

ಹೆಸರಿತ್ತು, ಕೊನೆಯ ಸಾಲಿನಲ್ಲಿ, ಓರೆಯಾಗಿ.
ಅರುಳಪ್ಪನ್ ಓದಿ ಹೇಳಿದ್ದರು.
ಅದನ್ನು ಶಿವಗಂಗಮ್ಮನಿಗೆ ಹೇಳಿದೆ, ಒಂದೇ ಸಲ.
ಇಲ್ಲಿ ಬರೆಯುವುದಿಲ್ಲ.