ತೊಟ್ಟು

ಫಕ್ಕೀರವ್ವನ್ನ ಹುಬ್ಬಳ್ಳಿ ದವಾಖಾನಿಗೆ ಕರಕೊಂಡು ಹೋದಾಕಿ ನಾನ.
ಬಸ್ಸಿನ್ಯಾಗ ಕಂಡಕ್ಟರನ ಅಂಗಿ ಗುಂಡಿ
ಒಂದೊಂದ ಹಿಡದು ಚಿವುಟತಿದ್ಲು.
ಬ್ಯಾಡಗಿಯೊಳಗ ಇಪ್ಪತ್ತೆಂಟು ವರ್ಷ
ಮೆಣಸಿನಕಾಯಿ ತೊಟ್ಟು ಮುರಿದ ಬೆರಳು.
ಅವಕ್ಕಿನ್ನೂ ಮರವು ಬಂದಿಲ್ಲ.

ಡಾಕ್ಟರಬಾಯಿ ಗ್ವಾಡಿ ಮ್ಯಾಲಿನ ಚಿತ್ರ ತೋರಿಸಿದ್ಲು:
ಮಿದುಳಿನ ಒಂದು ನರ, ಸಾವಿರ ಪಟ್ಟು ಹಿಗ್ಗಿಸಿದ್ದು.
ನೋಡಿದ್ರ ಗಿಡದ ಟೊಂಗಿ.
ಟೊಂಗಿ ತುಂಬ ಸಣ್ಣ ಸಣ್ಣ ತೊಟ್ಟು, ತುದೀಗೊಂದು ಉಬ್ಬು.
"ಇಲ್ಲೇ ನರಕ್ಕ ನರ ಕೂಡತಾವು, ಸಿನಾಪ್ಸ್ ಅಂತೀವಿ."
ಕೂಡತಾವು ಅಂದ್ರೂ ಮುಟ್ಟೂದಿಲ್ಲಂತ.
ನಡುವ ಒಂದು ಸಂದು,
ಕೂದಲಾ ಸೀಳಿ, ಸೀಳಿದ್ದನ್ನ ಮತ್ತ ಸಾವಿರ ಸೀಳಿದಷ್ಟು.
ಈ ದಂಡಿಯಿಂದ ಆ ದಂಡಿಗೆ ಏನೋ ಹಾರತೈತಂತ.

ನಂಗ ಗೊತ್ತಾತು. ಘಾಟು.
ರಾಶಿಯ ಆಚಿ ಬಾಜೂ ಅಕಿ, ಈಚಿ ಬಾಜೂ ನಾ.
ಅಕಿ ಚೀಲ ಝಾಡಿಸಿದ್ರ ನಾ ಸೀನತಿದ್ದೆ.
"ಒಂಟಿ ಸೀನು ಚಲೋ ಅಲ್ಲ, ಇನ್ನೊಂದು!" ಅಂತಿದ್ಲು,
ಎರಡನೇದು ಬರೂತನಕ
ತೂಕಕ್ಕ ಏಳಾಕ ಬಿಡತಿರಲಿಲ್ಲ.

ಮೊದಲು ಹೋದದ್ದು ವಾಸನಿ.
ಒಗ್ಗರಣಿ ಸುಟ್ಟು ಓಣಿಗೆ ಓಣಿ ಕೆಮ್ಮಿದ್ರೂ
ಅಕಿ ಒಲಿ ಮುಂದ ಸುಮ್ಮನ ಕುಂತಿದ್ಲು.
ಆಮ್ಯಾಲ ಒಂದಿನ ಕಡ್ಡಿ ಕಾಯಿಗೆ ಡಬ್ಬಿ ಕಾಯಿ ಕಲಸಿಬಿಟ್ಲು.
ಅಡತಿ ಮುನವಳ್ಳಿ ಬೈದ.
ನಾನೂ ನಕ್ಕೆ ಅವತ್ತು.

ಮಿದುಳಿನೊಳಗೂ ಕಸ ಬಳಿಯೋರು ಅದಾರಂತ.
ಕೆಟ್ಟದ್ದನ್ನ ಬಳಿದು ನುಂಗೂದು ಅವರ ಕೆಲಸ.
ಈ ಜಡ್ಡಿನ್ಯಾಗ ಅವರಿಗೆ ಗುರ್ತು ತಪ್ಪತೈತಿ,
ಚಲೋ ತೊಟ್ಟನ್ನೂ ಕಿತ್ತು ತಿಂತಾರ.
"ನರ ಸಾಯೂದು ಆಮ್ಯಾಲ," ಅಂದ್ಲು ಡಾಕ್ಟರಬಾಯಿ,
"ತೊಟ್ಟು ಮೊದಲು ಹೋಗತಾವು."
ಕಿಲೋಕ್ಕ ಎಷ್ಟು ಕೊಡತಾರ ಅವರಿಗೆ,
ಕೇಳಬೇಕನಿಸ್ತು. ಕೇಳಲಿಲ್ಲ.
ತೊಟ್ಟು ಮುರಿದ ಕಾಯಿ ಬಾಯಿಂದ ಬೀಜ ಸೋರೂದು
ದಿನಾ ಕಸಬರಗಿ ಹಿಡದು ನೋಡಿದ್ದ ನಾವು.

ಹೊಳ್ಳಿ ಬರೂಮುಂದ, ಮೋಟೆಬೆನ್ನೂರು ದಾಟಿದ ಮ್ಯಾಲ,
ಕಿಡಕ್ಯಾಗ ಘಾಟು ಬಂತು. ಬಸ್ಸಿಗೆ ಬಸ್ಸ ಕೆಮ್ಮಿತು.
ಅಕಿಗೆ ಏನೂ ಇಲ್ಲ.
"ನೀವು ಯಾವೂರವ್ರೀ?" ಅಂತ ಕೇಳಿದ್ಲು ನನ್ನ,
ಮೂವತ್ತು ವರ್ಷಕ್ಕ ಮೊದಲನೇ ಸಲ ಬಹುವಚನ ಹಚ್ಚಿ.

ನಾ ಸೀನಿದೆ.

ಗುಂಡಿ ಹುಡುಕತಿದ್ದ ಬೆರಳು ನಿಂತ್ವು.
ಒಂದು ಕೋಲ್ಡ್ ಸ್ಟೋರೇಜ್ ಹಿಂದ ಹೋತು,
ಒಂದು ಪೆಟ್ರೋಲ್ ಪಂಪು,
ಕೆಂಪಗ ಒಣಗ ಹಾಕಿದ್ದ ಒಂದು ಬಯಲು.
"ಇನ್ನೊಂದು," ಅಂದ್ಲು.

ಬರಲಿಲ್ಲ ನಂಗ.
ಸುಳ್ಳೇ ಸೀನಿದೆ.