ನಾಲ್ಕನೆಯ ವಸ್ತು

ತೊಲ್ಮೆಜ್ಜೊ ಊರಿನ ಗ್ರಂಥಾಲಯದ ಹಿಂಬದಿಗೆ,
ಹೀಟರಿನ ಪಕ್ಕ, ನನ್ನ ಮೇಜು.
ಜನ ಫೋಟೋ ತರುತ್ತಾರೆ, ಬಿಸ್ಕತ್ತಿನ ಡಬ್ಬಿಯಲ್ಲಿ,
ಪ್ರಾರ್ಥನಾ ಪುಸ್ತಕದ ಹಾಳೆಗಳ ನಡುವೆ,
ಒಬ್ಬನಂತೂ ಚೀಸ್ ಸುತ್ತಿದ ಕಾಗದದಲ್ಲೇ.
‘ಎರ್ಮೆಸ್, ಇದು ಯಾವ ಬಂದೂಕು?’
ಹಿಡಿದು ನಿಂತವನ ಹೆಸರು ಅವರಿಗೆ ಗೊತ್ತಿರುತ್ತದೆ,
ಇಲ್ಲವೇ ಯಾರಿಗೂ ಗೊತ್ತಿರುವುದಿಲ್ಲ.
ನನ್ನನ್ನು ಕೇಳುವುದು ಕಬ್ಬಿಣದ ಕುಲಗೋತ್ರ.

ಹೇಳುತ್ತೇನೆ. ಮೂವತ್ತೊಂದು ವರ್ಷದ ರೂಢಿ.
ಮೂತಿಯ ಪಕ್ಕ ಸಣ್ಣ ಕೊಕ್ಕೆ ಕಂಡರೆ ಮಾನ್‌ಲಿಖರ್,
ಗುಡ್ಡದ ಆಚೆಯವರದ್ದು.
ಶಿರಸ್ತ್ರಾಣದ ನೆತ್ತಿಗೆ ಕೋಳಿಜುಟ್ಟಿನಂಥ ಏಣಿದ್ದರೆ
ಫ್ರೆಂಚರ ಅಚ್ಚು; ಅಂದರೆ
ಯುದ್ಧಕ್ಕೆ ಆಗಲೇ ಒಂದು ಚಳಿಗಾಲ ವಯಸ್ಸಾಗಿದೆ.
ಮುಖಗಳನ್ನು ಹೆಬ್ಬೆರಳಲ್ಲಿ ಮುಚ್ಚಿಕೊಂಡು ನೋಡುತ್ತೇನೆ.
ಮುಖ ಲೆಕ್ಕ ತಪ್ಪಿಸುತ್ತದೆ.

ಗ್ಯಾರೇಜಿನ ಲಿವಿಯೊ ತಂದ ಚಿತ್ರದಲ್ಲಿ ಗಂಡಸೇ ಇಲ್ಲ.
ಏರುದಾರಿ, ಅರ್ಧ ಕರಗಿದ ಹಿಮ, ಒಬ್ಬಳು ಹೆಂಗಸು.
ಒಂದು: ಬೆನ್ನಮೇಲೆ ಮಂಕರಿ, ಇಲ್ಲಿನ ಮಾತಲ್ಲಿ ಜೇರ್ಲಾ.
ಎರಡು: ಅದರೊಳಗೆ ತಲೆಯೆತ್ತಿದ ಮೂರು ಶೆಲ್ಲು,
ಅರವತ್ತೈದು ಮಿಲಿಮೀಟರಿನ ಬೆಟ್ಟದ ಫಿರಂಗಿಗೆ.
ಕಾಣದವು ಇನ್ನೂ ಐದಾರು ಇರಬೇಕು;
ಪಟ್ಟಿ ಹೆಗಲೊಳಗೆ ಇಳಿದಿರುವ ಆಳ ಹಾಗೆ ಹೇಳುತ್ತದೆ.
ಮೂರು: ತೋಳಿಗೆ ನಂಬರಿನ ಪಟ್ಟಿ.
ಚಿತ್ರದಲ್ಲಿ ಕಪ್ಪು. ಇದ್ದದ್ದು ಕೆಂಪು.
ನಾಲ್ಕು:

ನಾಲ್ಕರ ಬಳಿ ನನ್ನ ಪೆನ್ನು ನಿಂತಿತು.
ಅವಳ ಮುಷ್ಟಿಯಿಂದ ಹೊರಚಾಚಿದೆ, ತೆಳ್ಳಗೆ, ಚೂಪಾಗಿ,
ತುದಿಯಲ್ಲೊಂದು ಹೊಳಪು.
ಕೆಳಗೆ ಜೋತಿದೆ ಗಾಢವಾದ ಚೀಲದಂಥದ್ದು, ಒರೆ ಇರಬಹುದು.
ಭೂತಗನ್ನಡಿ ಹಿಡಿದೆ. ಭೂತವಷ್ಟೇ ದೊಡ್ಡದಾಯಿತು.

ಊದಿನೆಗೆ ಕಳಿಸಿದೆ: ನಳಿಗೆ ಒರೆಸುವ ಕಡ್ಡಿ, ಎಂದರು.
ಗೊರಿಜಿಯಾದಿಂದ: ಮುರಿದ ಬಯೊನೆಟ್ಟು, ಚೂರಿಯಾಗಿ ಮಸೆದದ್ದು.
ಗ್ರಾಟ್ಸಿನ ಪ್ರೊಫೆಸರು ನಾಲ್ಕು ಪುಟ ಬರೆದರು,
ಕೊನೆಗೊಂದು ‘ಬಹುಶಃ’ ಇಟ್ಟು.
ನಾನು ಪೆನ್ಸಿಲಿನಲ್ಲಿ ‘ಬಾಕು’ ಎಂದು ಬರೆದು
ಊಟಕ್ಕೆ ಎದ್ದೆ.

ದಪ್ಪಕ್ಷರದ ಕಾದಂಬರಿ ಹಿಂತಿರುಗಿಸಲು ಬಂದಿದ್ದ ಒನೇಲಿಯಾ,
ಎಂಬತ್ತೆಂಟು ವರ್ಷ, ಕನ್ನಡಕ ಮನೆಯಲ್ಲಿ ಮರೆತವಳು,
ಮೇಜಿನ ಮೇಲೆ ಒಮ್ಮೆ ಬಗ್ಗಿ,
‘ಕಾಲುಚೀಲ’ ಅಂದಳು.

‘ಏನು?’

‘ಹಿಮ್ಮಡಿ ತಿರುಗಿಸುತ್ತಿದ್ದಾಳೆ, ಕಾಣುವುದಿಲ್ಲವೇ?
ಒಂದು ಸೂಜಿಯಷ್ಟೇ ನಿನಗೆ ಕಂಡಿದೆ, ಇನ್ನು ಮೂರು ಒಳಗಿವೆ.
ನಮ್ಮಜ್ಜಿಯೂ ಹಾಗೇ. ನಾಲ್ಕು ಗಂಟೆಯ ಏರು.
ಹೊರೆ ಬೆನ್ನಿಗೆ ತಾನೆ? ಕೈ ಬರಿದಿತ್ತಲ್ಲ.’

ಕೈ ಬರಿದಿತ್ತಲ್ಲ.
ನಾನು ಮತ್ತೆ ಕೂತೆ. ಸೂಪು ಆರಿತು.
ಬೆನ್ನಲ್ಲಿ ಒಂದು ಬಂಡೆಯನ್ನೇ ಸೀಳುವಷ್ಟು ಮದ್ದು,
ಬೆರಳಲ್ಲಿ ಲೆಕ್ಕ ತಪ್ಪದ ಹೊಲಿಗೆ,
ಮೇಲೆ ಯಾರದೋ ತಣ್ಣಗಾದ ಕಾಲು ಕಾಯುತ್ತಿದೆ.

ಕಂಪ್ಯೂಟರಿಗೆ ಹಾಕಬೇಕು. ತಯಾರಕರು: ತಿಳಿಯದು.
ಕ್ಯಾಲಿಬರಿನ ಮನೆ ಖಾಲಿ ಬಿಟ್ಟರೆ ಅದು ಮುಂದೆ ಹೋಗುವುದಿಲ್ಲ.
ಒನೇಲಿಯಾ ಚಿತ್ರದ ಮೇಲೆ ಎರಡು ಬೆರಳು ಅಗಲಿಸಿ,
ಒಂದು ಕಣ್ಣು ಮುಚ್ಚಿ ಅಳೆದು,
‘ನಲವತ್ತಮೂರು. ದೊಡ್ಡ ಪಾದದವನು’ ಅಂದಳು.

‘ಯಾರು?’

‘ಹಿಮ್ಮಡಿ ನೋಡಿ ಹೆಸರು ಹೇಳುತ್ತಾರೇನೋ!’
ಎಂದವಳು ಕಾದಂಬರಿಯ ಎರಡನೆಯ ಭಾಗ
ಯಾವ ಕಪಾಟಿನಲ್ಲಿದೆ ಎಂದು ಕೇಳಿದಳು.

ಅವಳು ಹೋದ ಮೇಲೆ ಹಳೆಯ ಪೆಟ್ಟಿಗೆಗಳನ್ನು ಇಳಿಸಿದೆ.
ಇಷ್ಟು ವರ್ಷಗಳಲ್ಲಿ ನಾನು ‘ಬಾಕು’ ಎಂದು ಗುರುತಿಸಿದ
ಹನ್ನೊಂದು ಚಿತ್ರ, ಹೆಂಗಸರಿರುವವು.
ಕತ್ತಲಾಗುವವರೆಗೆ ಕೈಗಳನ್ನೇ ನೋಡಿದೆ.
ಹತ್ತು ತಿದ್ದಿದೆ.

ಒಂದು ಮಾತ್ರ ನಿಜಕ್ಕೂ ಬಾಕು.